ಬೀಜಕ್ಕೆ ಬಿಟ್ಟ ಬದನೆ

ಕೆರಿಯಪ್ಪ: ಆಗೂದಿಲ್ಲ ಅಂದ್ರೆ ಆಗೂದಿಲ್ಲ ಮಾರಾಯ! ಕುಲಾಂತರಿ ಬದನೆ ನಮ್ಮ ಕಾನಸೂರಿಗೆ ಕಾಲಿಡೂಕೆ ಬಿಡೂದಿಲ್ಲ.

ಸಂಗಯ್ಯ: ಅದಕ್ಕೇನ್ ಕಾಲು ಅದಾವೇನಲೇ? ನಿಮ್ಮ ಘಟ್ಟದ ಮಂದಿಗೆ ಹೊಸಾದು ಅಂದ್ರ ಜ್ವರ ಬರ್ತಾವ.

ಕೆರಿಯಪ್ಪ: ನೀವು ಬಯಲುಸೀಮೆಯವ್ರು ಪಾಕೀಟಿನಲ್ಲಿ ಬಂದದ್ದೆಲ್ಲ ಪ್ರಸಾದ ಅಂತ ಕಣ್ಣಿಗೊತ್ಕಂತ್ರಿ.

ಸಂಗಯ್ಯ: ನನ್ನ ಹೊಲದ ತುಂಬ ಬಿಟಿ ಹತ್ತಿನ ಐತಿ. ನನಗೇನ್ ಕೋಡು ಮೂಡ್ಯಾವೇನು?

ಕೆರಿಯಪ್ಪ: ಹತ್ತಿ ಉಡೂದು ಮಾರಾಯ, ಉಂಬೂದಲ್ಲ!

ಸಂಗಯ್ಯ: ಹತ್ತಿಕಾಳಿನ ಎಣ್ಣಿ ಮತ್ತ? ಮುಂಜಾನೆ ಶಿರಸಿ ಬಸ್‌ಸ್ಟ್ಯಾಂಡಿನಾಗ ಬಜಿ ನುಂಗಿದ್ಯಲ್ಲ, ಯಾವ ಎಣ್ಣಿ ಅಂತ ಕೇಳಿದ್ಯೇನು?

ಕೆರಿಯಪ್ಪ ಮಾತು ತಪ್ಪಿಸಲು ಊಟದ ಎಲೆಗೆ ನೀರು ಚಿಮುಕಿಸಿದ. ನಾಳೆ ಶಿರಸಿಯ ಬೀಜ ಮೇಳದಲ್ಲಿ ನಾಟಿ ತಳಿ ಉಳಿಸುವ ಬಗ್ಗೆ ಅವನದೇ ಭಾಷಣ. ಬನವಾಸಿ ಆಚೆಯ ಈ ಹಳೆಯ ಸಹಪಾಠಿಯನ್ನು ಇವತ್ತೇ ಊಟಕ್ಕೆ ಕರೆಯುವ ದುರ್ಬುದ್ಧಿ ಯಾಕೆ ಬಂತೋ! ಅಷ್ಟರಲ್ಲಿ ಹೆಂಡತಿ ಸುಬ್ಬಿ ಬದನೆಕಾಯಿ ಪಲ್ಯ ಬಡಿಸಿದಳು.

ಸಂಗಯ್ಯ: ಆಹಾ ತಂಗೆವ್ವಾ, ಬೆಣ್ಣಿ ಆಗೇತಿ ನೋಡು!

ಕೆರಿಯಪ್ಪ: ನಮ್ಮ ಅವ್ವನ ಕಾಲದ ಬದನೆ! ನಾನೇ ಕೊಯ್ದು, ನಾನೇ ಹೆಚ್ಚಿಕೊಟ್ಟದ್ದು.

ಸುಬ್ಬಿ: ಹೋಯ್, ಯಾವ ಗಿಡದ್ದು ಕೊಯ್ದ್ರಿ?

ಕೆರಿಯಪ್ಪ: ಬಾವಿಕಟ್ಟೆ ಹತ್ರದ್ದು. ದೊಡ್ಡ ಕಾಯಿ.

ಸುಬ್ಬಿ: ಅದಕ್ಕೆ ಕೆಂಪು ಬಟ್ಟೆ ಕಟ್ಟಿತ್ತಲ್ದಾ?

ಕೆರಿಯಪ್ಪ: ಇತ್ತು. ದೃಷ್ಟಿಗೆ ಕಟ್ಟಿದ್ದು ಅಂತ ಬಿಚ್ಚಿ ಬಿಸಾಡ್ದೆ.

ಸುಬ್ಬಿ: ಅಯ್ಯೋ, ಹಣ್ಣಾಗ್ಲಿ, ಬೀಜಕ್ಕೆ ಬೇಕು ಅಂತ ಕಟ್ಟಿ ಬಿಟ್ಟದ್ದು! ಆ ತಳಿಯ ಉಳಿದ ಗಿಡ ಎಲ್ಲ ಸೊರಗಿ ಹೋದ್ವು. ಇದ್ದದ್ದು ಅದೊಂದೇ ಕಾಯಿ!

ತುತ್ತು ಕೆರಿಯಪ್ಪನ ಬಾಯಿಯ ಹತ್ತಿರವೇ ನಿಂತಿತು. ಅವ್ವ ಸಾಯುವ ತನಕ ಜೋಪಾನ ಮಾಡಿದ ತಳಿ. ಅದಕ್ಕೆ ತಾನೇ ನಿಂತು ಒಗ್ಗರಣೆ ಹಾಕಿಸಿದ್ದಾಯಿತು. ನಾಚಿಕೆಗಿಂತ ಹೆಚ್ಚಾಗಿ ಅವನಿಗೆ ದುಃಖವಾಯಿತು.

ಸಂಗಯ್ಯ: (ಬೆರಳು ನೆಕ್ಕುತ್ತ) ಅಳಬ್ಯಾಡಲೇ. ಹೋದ ವರ್ಷ ತಂಗೆವ್ವ ಕೊಟ್ಟ ಬೀಜಾನ ನಮ್ಮನಿಯಾಕಿ ಗೌರಕ್ಕ ಹಿತ್ತಲದಾಗ ಹಾಕ್ಯಾಳ. ಗಿಡದ ತುಂಬ ನಿಮ್ಮವ್ವನ ಬದ್ನಿಕಾಯಿನ ಅದಾವ.

ಕೆರಿಯಪ್ಪ: ಬಿಟಿ ಬಿಟಿ ಅಂತ ಕುಣಿಯೂ ನೀನು ನಾಟಿ ಬದನೆ ಬೆಳೀತ್ಯಾ?

ಸಂಗಯ್ಯ: ಹೊಲದಾಗಿಂದು ಮಾರಾಕ. ಹಿತ್ತಲದಾಗಿಂದು ಉಣ್ಣಾಕ.

ಸುಬ್ಬಿ: (ಸಂಗಯ್ಯನ ಎಲೆಗೆ ಇನ್ನೊಂದು ಸೌಟು ಪಲ್ಯ ಬಡಿಸುತ್ತ) ಹಂಗಾರೆ ನಾಳೆ ಭಾಷಣ ಈ ಅಣ್ಣನೇ ಮಾಡ್ಲಿ. ತಳಿ ತಿಂದವ್ರು ಕೆಳಗೆ ಕೂತು ಚಪ್ಪಾಳೆ ಹೊಡೀಲಿ!