ನಡುಗೆರೆ ದಾಟದ ರಾಯರು

ಹಣಮಂತರಾಯರು ಮೊರದಲ್ಲಿ ತೊಗರಿಬೇಳೆ ಹರವಿಕೊಂಡು ಹರಳು ಆರಿಸುತ್ತಿದ್ದರು. ಹರಳಿಗಿಂತ ಬೇಳೆಯೇ ಹೆಚ್ಚು ಹೊರಗೆ ಬೀಳುತ್ತಿತ್ತು. ಒಂದು ವಾಟಿ ಬೇಳೆ ಕೇಳಲು ಬಂದ ಪಕ್ಕದ ಮನೆಯ ಉಮಾಬಾಯಿ ತಾವೇ ಬೇಳೆಯ ಡಬ್ಬಿಗೆ ಕೈ ಹಾಕಿದರು. ಬೇಳೆಯ ಜೊತೆ ಒಂದು ಇನ್‌ಲ್ಯಾಂಡ್ ಪತ್ರವೂ ಬಂತು. ಇನ್ನೂ ಅಂಟಿಸಿರಲಿಲ್ಲ.

"ಅಯ್ಯ, ಗಿರಿಜಾಬಾಯಿಗೆ ಬರದದ್ದು! ತಾರೀಖು ನೋಡಿದ್ರ ಎರಡು ತಿಂಗಳಾತಲ್ರಿ!"

ಕಾರ್ಖಾನೆಯ ಭೋಂಗಾದಂಥ ಆ ದನಿ ಸನತ್‌ನಗರದ ಕ್ವಾರ್ಟರ್ಸಿಗೆಲ್ಲ ಮುಟ್ಟಿತು.

ರಾಯರ ಹೆಂಡತಿ ಗಿರಿಜಾಬಾಯಿಯ ಅಣ್ಣ ಗುಲ್ಬರ್ಗದಲ್ಲಿ ಮನೆ ಕಟ್ಟಿಸಿ ವಾಸ್ತುಶಾಂತಿಗೆ ಕರೆದಿದ್ದ. ರಾಯರು "ನೋಡೋಣು, ನೋಡೋಣು" ಎನ್ನುತ್ತ ಮುಹೂರ್ತವನ್ನೇ ದಾಟಿಸಿದರು. ಒಬ್ಬಳೇ ಹೋದ ಹೆಂಡತಿ ತಿರುಗಿ ಬರಲಿಲ್ಲ. ಗಂಡ ಕರೆಯದೆ ತವರಿನಿಂದ ಹೊರಟರೆ ಅಣ್ಣನ ಹೆಂಡತಿ, ಆ ವೈನಿಯ ಮುಂದೆ ಏನು ಮರ್ಯಾದೆ ಉಳಿದೀತು? ಇತ್ತ ರಾಯರಿಗೆ, ಮೊದಲು ಅವಳೇ ಬರೆಯಲಿ ಅಂತ; ಬಾ ಎಂದು ಬರೆದ ಪತ್ರವನ್ನೂ ಬೇಳೆಯಲ್ಲಿ ಅಡಗಿಸಿಟ್ಟಿದ್ದರು.

ಅವರ ಚದುರಂಗವೂ ಹೀಗೇ. ಪ್ಯಾದೆಗಳನ್ನೆಲ್ಲ ಒಂದೊಂದೇ ಮನೆ ಸರಿಸಿ ಗೋಡೆ ಕಟ್ಟುವರು. ಮಳೆಗೆ ಅಂಜಿದ ಎಮ್ಮೆಗಳಂತೆ ಕುದುರೆ, ಒಂಟೆಗಳು ಅದರ ಹಿಂದೆ ಒತ್ತಿಕೊಂಡು ನಿಲ್ಲುವವು. ಹಲಗೆಯ ನಡುಗೆರೆ ದಾಟುವ ಮಾತೇ ಇಲ್ಲ. ಎದುರಿನವನು ಬೇಸತ್ತು ನುಗ್ಗಿ ತಾನೇ ಕೆಡಬೇಕು.

ಉಮಾಬಾಯಿಯ ಗಂಡ ಅಮರೇಶಪ್ಪ ಹಲಗೆ ಹಿಡಿದೇ ಬಂದರು. "ರಾಯರ, ಒಂದಾಟ ಆಡೋಣು. ಸೋತ್ರ ಪತ್ರ ಇವತ್ತೇ ಟಪಾಲಿಗೆ. ಗೆದ್ರ ನಾವಿಬ್ಬರೂ ಈ ಮಾತು ಎತ್ತಂಗಿಲ್ಲ."

ರಾಯರಿಗೆ ಒಳಗೊಳಗೇ ಹಿಗ್ಗು. ಸೋತರೆ ಎಷ್ಟು ಚೆಂದ! ನಾನಾಗಿ ಕಳಿಸಲಿಲ್ಲ, ಪಂತ ಸೋತೆ ಎನ್ನಬಹುದು. ಆದರೆ ಇಪ್ಪತ್ತು ವರ್ಷದ ರೂಢಿ ಕೇಳಬೇಕಲ್ಲ! ಕೈ ತಾನಾಗಿ ಗೋಡೆ ಕಟ್ಟಿಬಿಟ್ಟಿತು.

"ಇದೇನ್ ಆಟರಿ, ಸರಕಾರಿ ಫೈಲ್ ಇದ್ದಂಗೈತಿ, ಅಲ್ಲಾಡಂಗೇ ಇಲ್ಲ!" ಅಮರೇಶಪ್ಪ ರೇಗಿ ವಜೀರನನ್ನು ನುಗ್ಗಿಸಿದರು. ರಾಯರು ಕಾಣದವರಂತೆ ಸೂರು ನೋಡಿದರು. ಉಮಾಬಾಯಿ ಬಿಡಬೇಕಲ್ಲ!

"ಹೊಡೀರಿ ರಾಯರ, ಕುದುರಿಗೆ ಸಿಗತೈತಿ!"

"ನೀ ಯಾರ ಹೆಂಡತಿನೇ?" ಎಂದು ಅಮರೇಶಪ್ಪ ಚೀರಿದರು.

ಬೇರೆ ದಾರಿಯಿಲ್ಲದೆ ರಾಯರು ಹೊಡೆದರು. ಗೆದ್ದೂ ಬಿಟ್ಟರು. ಗೆದ್ದವರ ಮುಖ ಹರಳೆಣ್ಣೆ ಕುಡಿದಂತಾಗಿತ್ತು.

ಆಗಲೇ ಬಾಗಿಲಿಗೆ ಆಟೋ ಬಂತು. ಇಳಿದವಳು ಗಿರಿಜಾಬಾಯಿ!

"ಉಪ್ಪಿನಕಾಯಿ ಕೆಟ್ಟೀತು, ಕೈಯಾಡಿಸಿ ಬರ್ತೀನಂತ ವೈನಿಗೆ ಹೇಳಿ ಬಂದೆ," ಎಂದವಳು ಭರಣಿಯ ಕಡೆ ನೋಡಲೇ ಇಲ್ಲ. "ಎಷ್ಟು ಸೊರಗೀರಿ!"

ಅವಳೇ ಮೊದಲು ಬಂದಳು! ರಾಯರ ಎದೆ ಪೂರಿಯಂತೆ ಉಬ್ಬಿತು. ಪತ್ರವನ್ನು ಅವಳ ಕೈಗಿಟ್ಟರು. ಅವಳು ನಿಂತಲ್ಲೇ ಓದಿದಳು, ಸೆರಗಿನಿಂದ ಕಣ್ಣೊರಸಿಕೊಂಡಳು, ಮಡಿಚಿ ತಿರುಗಿ ಕೊಟ್ಟಳು.

"ಇದನ್ನ ಟಪಾಲಿಗೆ ಹಾಕ್ರಿ. ವೈನಿ ಮುಂದ ಅಂಚೆಯವ ತಂದು ಕೊಡಬೇಕು. ನಾ ಸಂಜಿ ಗಾಡಿಗೆ ಹೊಳ್ಳಿ ಹೋಗ್ತೀನಿ."

"ಮತ್ತ ಬರೂದು?"

"ಪತ್ರ ಮುಟ್ಟಿದ ಮ್ಯಾಲ, ಒಳ್ಳೆ ದಿನ ನೋಡಿ. ಕಾಯೂದು ನಿಮಗ ಭಾಳ ಚಲೋ ಬರ್ತದಲ್ಲ!"

ಸಂಜೆ ಬೇಗಂಪೇಟೆ ಸ್ಟೇಶನ್ನಿನಲ್ಲಿ ಕಿಟಕಿಯಿಂದ ಕೈ ಚಾಚಿ ಅವಳು ಗಂಡನ ಅಂಗಿಯ ಗುಂಡಿ ಹಾಕಿದಳು. ಸೀಟಿ ಕೂಗಿತು.

"ಟಪಾಲಿನ ಡಬ್ಬಿ ಇದೇ ಗಾಡಿಗೆ ಮುಂದದರಿ, ಓಡ್ರಿ!"

ಪತ್ರದ ಅಂಟು ನೆಕ್ಕುತ್ತಲೇ ರಾಯರು ಓಡಿದರು. ಚಲಿಸತೊಡಗಿದ ಟಪಾಲು ಬೋಗಿಯ ಸೀಳಿನೊಳಗೆ ಪತ್ರ ತುರುಕಿದರು. ಹೆಂಡತಿ, ಹೆಂಡತಿಗೆ ಬರೆದ ಪತ್ರ, ಎರಡೂ ಒಂದೇ ಗಾಡಿಯಲ್ಲಿ ಗುಲ್ಬರ್ಗಕ್ಕೆ ಹೋದವು.