ಕ್ರಿಮಿಯಿಲ್ಲದ ಜ್ವರವನ್ನು ಜ್ವರವೆಂದೇ ಪರಿಗಣಿಸುವ ಬಗ್ಗೆ

ಸಂಖ್ಯೆ: ಸಿಬ್ಬಂದಿ/ಜ್ವರ/ಕಾರಣರಹಿತ/2024-25
ಜಿಲ್ಲಾ ಕಚೇರಿ, ಬನ್ನಂಜೆ, ಉಡುಪಿ

ಸುತ್ತೋಲೆ

ವಿಷಯ: ಕ್ರಿಮಿಯ ಹಾಜರಾತಿ ಇಲ್ಲದೆ ಬರುವ ಜ್ವರ, ಬಾವು ಮತ್ತು ನೋವುಗಳಿಗೆ ರಜೆ ಮಂಜೂರು ಮಾಡುವ ಕುರಿತು.

ಉಲ್ಲೇಖ: 1. ಕಾರ್ಕಳ ಶಾಖಾ ಕಚೇರಿಯ ಹಿಂದಿನ ಸುತ್ತೋಲೆ.
2. ಸದರಿ ಶಾಖೆಯ ಸೂಪರಿಂಟೆಂಡೆಂಟರ ಎಡಗಾಲಿನ ಹೆಬ್ಬೆರಳು.

ಪ್ರಸ್ತಾವನೆ:

ಕಾರ್ಕಳ ಶಾಖೆಯ ದ್ವಿತೀಯ ದರ್ಜೆ ಸಹಾಯಕಿ ಶ್ರೀಮತಿ ಡುಲ್ಸಿನ್ ಅವರು ಹಿರಿಯಡ್ಕದಿಂದ ಪ್ರತಿದಿನ ಬಸ್ಸಿನಲ್ಲಿ ಬಂದು ಕರ್ತವ್ಯ ನಿರ್ವಹಿಸುತ್ತಿದ್ದು, ಅವರಿಗೆ ಆಗಾಗ ಜ್ವರ ಬಂದು, ಮೊಣಕಾಲು ಊದಿ, ಕೆಲವು ದಿನಗಳ ನಂತರ ಏನೂ ನಡೆಯದಂತೆ ಇಳಿದುಹೋಗುತ್ತಿದ್ದದ್ದು ಕಚೇರಿಯ ಗಮನಕ್ಕೆ ಬಂದಿರುತ್ತದೆ. ಇದಕ್ಕೆ ಬಂಗುಡೆ ಮೀನೇ ಕಾರಣವೆಂದು ಅವರ ತಾಯಿ ಗ್ಲ್ಯಾಡಿಸ್ ಅವರು ಬಾಲ್ಯದಿಂದಲೂ ಮಗಳಿಗೆ ಬಂಗುಡೆಯನ್ನು ನಿಷೇಧಿಸಿದ್ದರು. ಮಣಿಪಾಲದ ವೈದ್ಯೆ ಡಾ. ಶರ್ಮಿಳಾ ಅವರು ವಿವರವಾಗಿ ಪರೀಕ್ಷಿಸಿ, ಬಂಗುಡೆಯನ್ನು ನಿರಪರಾಧಿಯೆಂದು ಬಿಡುಗಡೆ ಮಾಡಿ, ಇದು ಹುಟ್ಟಿನಿಂದಲೇ ದೇಹದಲ್ಲಿರುವ ರಕ್ಷಣಾ ವ್ಯವಸ್ಥೆಯು ಶತ್ರುವಿಲ್ಲದೆಯೂ ಯುದ್ಧಕ್ಕಿಳಿಯುವ ‘ಸ್ವಯಂ ಉರಿಯೂತ’ದ ಕಾಯಿಲೆಯೆಂದು ಪ್ರಮಾಣಪತ್ರ ನೀಡಿರುತ್ತಾರೆ.

ಶಾಖೆಯ ಸೂಪರಿಂಟೆಂಡೆಂಟ್ ಶ್ರೀ ಧರ್ಮಪಾಲ ಅವರು ಸದರಿ ಪ್ರಮಾಣಪತ್ರವನ್ನು ಪರಿಶೀಲಿಸಿ, ಸ್ವಯಂ ನಿವೃತ್ತಿಯು ನೌಕರರ ಸ್ವಂತ ಇಚ್ಛೆಯಾಗಿರುವಂತೆ ಸ್ವಯಂ ಉರಿಯೂತವೂ ಸ್ವಂತ ಇಚ್ಛೆಯೇ ಆಗಿರುತ್ತದೆಂದು ಷರಾ ಬರೆದಿರುತ್ತಾರೆ. ಅಲ್ಲದೆ ಜ್ವರದ ರಜೆ ಕೋರುವವರು ಸಂಬಂಧಪಟ್ಟ ಕ್ರಿಮಿಯ ಪೂರ್ಣ ಹೆಸರನ್ನು ನಮೂದಿಸತಕ್ಕದ್ದೆಂದು ಉಲ್ಲೇಖ (1)ರ ಸುತ್ತೋಲೆ ಹೊರಡಿಸಿ, ಶ್ರೀಮತಿ ಡುಲ್ಸಿನ್ ಅವರ ಸೇವೆಯನ್ನು ಖಾಯಂಗೊಳಿಸಬಾರದೆಂದು ಈ ಕಚೇರಿಗೆ ಕಳುಹಿಸಬೇಕಾದ ಕಡತದಲ್ಲಿ ಶಿಫಾರಸು ಬರೆದಿರುತ್ತಾರೆ. ಈ ಬಗ್ಗೆ ಶಾಖೆಯಲ್ಲಿ ನಡೆದ ವಿಚಾರಣೆಯಲ್ಲಿ ಆಪಾದಿತರಾದ ಶ್ರೀಮತಿ ಡುಲ್ಸಿನ್ ಅವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಜ್ವರ ಉಂಟು ಸರ್, ಕ್ರಿಮಿ ಇಲ್ಲ. ಇಲ್ಲದವರ ಹೆಸರನ್ನು ನಾನು ಹೇಗೆ ಬರೆಯುವುದು?” ಹೇಳಿಕೆಯು ಸಮಾಧಾನಕರವಾಗಿಲ್ಲವೆಂದು ತೀರ್ಮಾನಿಸಲಾಗಿತ್ತು. ಅಂದಿನಿಂದ ಅವರು ಜ್ವರವಿದ್ದಾಗಲೂ ಹಾಜರಾಗಿ, ಗೋಡೆ ಹಿಡಿದುಕೊಂಡು ಕಡತ ತರುತ್ತಿದ್ದರೆಂದು ಜವಾನ ಅಂಗಾರ ಅವರು ತಿಳಿಸಿರುತ್ತಾರೆ.

ಹೀಗಿರುವಲ್ಲಿ ಶ್ರೀ ಧರ್ಮಪಾಲ ಅವರು ಕಾಪುವಿನಲ್ಲಿ ಸಂಬಂಧಿಕರ ಮೆಹಂದಿ ಊಟಕ್ಕೆ ತೆರಳಿ, ಸಿಗಡಿ ಸುಕ್ಕವನ್ನು ಅಂದಾಜಿಗಿಂತ ಹೆಚ್ಚಾಗಿ ಬಳಸಿಕೊಂಡು ಹಿಂದಿರುಗಿದ್ದು, ಮರುದಿನ ಅವರ ಎಡಗಾಲಿನ ಹೆಬ್ಬೆರಳು ಕೆಂಪಾಗಿ ಊದಿಕೊಂಡಿರುತ್ತದೆ. ಸಮೀಪದ ಚಿಕಿತ್ಸಾಲಯದಲ್ಲಿ ಬೆರಳಿನ ಕೀಲಿನ ನೀರು ತೆಗೆದು ನೋಡಲಾಗಿ, ಕ್ರಿಮಿ ಕಂಡುಬಂದಿಲ್ಲವೆಂದು ವರದಿ ಬಂದಿರುತ್ತದೆ. ಅವರದೇ ಸುತ್ತೋಲೆಯ ಪ್ರಕಾರ ಸದರಿ ನೋವು ಅಸ್ತಿತ್ವದಲ್ಲಿಲ್ಲದ ಕಾರಣ, ಅವರು ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಏನೂ ಇಲ್ಲದೆ ಕರ್ತವ್ಯಕ್ಕೆ ಹಾಜರಾಗಿರುತ್ತಾರೆ. ಸಿಬ್ಬಂದಿ ವರ್ಗವು ಅತೀವ ಗಾಂಭೀರ್ಯದಿಂದ ತಮ್ಮ ತಮ್ಮ ಕಡತಗಳನ್ನು ನೋಡುತ್ತಿತ್ತು.

ಆಗ ಶ್ರೀಮತಿ ಡುಲ್ಸಿನ್ ಅವರು ತಮ್ಮ ಕುರ್ಚಿಯನ್ನು ಎಳೆದು ತಂದು, ಸೂಪರಿಂಟೆಂಡೆಂಟರ ಕಾಲನ್ನು ಅದರ ಮೇಲಿರಿಸಿ, “ಹೊದಿಕೆ ತಾಗಿದರೂ ಆಗುವುದಿಲ್ಲ ಅಲ್ವಾ ಸರ್?” ಎಂದು ಕೇಳಿರುತ್ತಾರೆ. ಶ್ರೀ ಧರ್ಮಪಾಲ ಅವರು “ಆಗುವುದಿಲ್ಲ ಮಾರಾಯ್ತಿ” ಎಂದಿರುತ್ತಾರೆ. ಮೇಲಧಿಕಾರಿಯು ಅಧೀನ ನೌಕರರನ್ನು ಹೀಗೆ ಸಂಬೋಧಿಸಿರುವುದು ನಡತೆ ನಿಯಮಗಳಿಗೆ ವಿರುದ್ಧವಾಗಿದ್ದರೂ, ನೋವಿನ ಹಿನ್ನೆಲೆಯಲ್ಲಿ ಮನ್ನಿಸಲಾಗಿದೆ.

ಅಂದೇ ಅವರನ್ನು ಶ್ರೀಮತಿ ಡುಲ್ಸಿನ್ ಅವರು ರಿಕ್ಷಾದಲ್ಲಿ ಮಣಿಪಾಲಕ್ಕೆ ಕರೆದೊಯ್ದಿರುತ್ತಾರೆ. ಇದು ಗೌಟ್ ಎಂಬ ಕಾಯಿಲೆಯೆಂದೂ, ಕೀಲಿನಲ್ಲಿ ಕೂತ ಯೂರಿಕ್ ಆಮ್ಲದ ಹರಳುಗಳನ್ನು ಕಂಡು ದೇಹದ ಅದೇ ಹುಟ್ಟುರಕ್ಷಣಾ ವ್ಯವಸ್ಥೆ ರೇಗಿದೆಯೆಂದೂ ಡಾ. ಶರ್ಮಿಳಾ ಅವರು ತಿಳಿಸಿ, ಇಬ್ಬರಿಗೂ ಬೇರೆ ಬೇರೆ ಪ್ರಮಾಣದಲ್ಲಿ ಒಂದೇ ಮಾತ್ರೆಯನ್ನು ಬರೆದುಕೊಟ್ಟಿರುತ್ತಾರೆ. ಕ್ರಿಮಿಯಿಲ್ಲದೆ ಇಷ್ಟು ನೋವು ಹೇಗೆಂದು ಶ್ರೀ ಧರ್ಮಪಾಲ ಅವರು ಆಕ್ಷೇಪಿಸಿದಾಗ ವೈದ್ಯರು ಹೇಳಿದ್ದು: “ಕಳ್ಳ ಬಾರದೆಯೂ ನಾಯಿ ಬೊಗಳುವುದುಂಟು. ಕಳ್ಳ ಸುಳ್ಳಿರಬಹುದು, ಬೊಗಳಿದ್ದು ಸುಳ್ಳಲ್ಲ.” ಮರುದಿನ ಸೂಪರಿಂಟೆಂಡೆಂಟರು ತಮ್ಮ ಶಿಫಾರಸನ್ನು ಸ್ವಹಸ್ತದಿಂದ ಹೊಡೆದುಹಾಕಿ, ಕಡತವನ್ನು ಈ ಕಚೇರಿಗೆ ಸಲ್ಲಿಸಿರುತ್ತಾರೆ.

ಸದರಿ ನಾಯಿಯ ಪರವಾನಗಿಯ ಬಗ್ಗೆ ಸಂಬಂಧಪಟ್ಟ ಶಾಖೆಗೆ ಪತ್ರ ಬರೆಯಲಾಗಿದ್ದು, ನಾಯಿಯ ಬಣ್ಣ ತಿಳಿಸುವಂತೆ ಉತ್ತರ ಬಂದಿರುತ್ತದೆ.

ಆದುದರಿಂದ ಎಲ್ಲ ಶಾಖೆಗಳಿಗೂ ಈ ಕೆಳಗಿನಂತೆ ನಿರ್ದೇಶಿಸಲಾಗಿದೆ:

1. ಉಲ್ಲೇಖ (1)ರ ಸುತ್ತೋಲೆಯನ್ನು ರದ್ದುಪಡಿಸಲಾಗಿದೆ. ಶ್ರೀಮತಿ ಡುಲ್ಸಿನ್ ಅವರ ಸೇವೆಯನ್ನು ಖಾಯಂಗೊಳಿಸಲಾಗಿದೆ.

2. ‘ಸ್ವಯಂ’ ಎಂಬ ಪದ ಕಂಡಲ್ಲೆಲ್ಲ ನೌಕರರ ಇಚ್ಛೆಯನ್ನು ಊಹಿಸತಕ್ಕದ್ದಲ್ಲ.

3. ಹುಟ್ಟುರಕ್ಷಣಾ ವ್ಯವಸ್ಥೆಯು ಇಲಾಖೆಯ ಅನುಮೋದನೆಯಿಲ್ಲದೆ ನೇಮಕಗೊಂಡಿದ್ದು, ಅದನ್ನು ವರ್ಗಾಯಿಸಲು ಅಥವಾ ಅಮಾನತುಗೊಳಿಸಲು ಕೋರಿ ಬರುವ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ.

4. ಸಹೋದ್ಯೋಗಿಗಳು ಜ್ವರಪೀಡಿತರಿಗೆ ಕಷಾಯ ನೀಡುವುದನ್ನು ಸರದಿಯ ಪ್ರಕಾರ ಮಾಡತಕ್ಕದ್ದು. ಏಕಕಾಲದಲ್ಲಿ ಸುತ್ತುವರಿದು ಕುಡಿಸುವುದನ್ನು ಮುತ್ತಿಗೆಯೆಂದು ಪರಿಗಣಿಸಲಾಗುವುದು.

5. ಊದಿದ ಹೆಬ್ಬೆರಳನ್ನು ನೋಡಿ ನಗಬೇಕೆನಿಸಿದಲ್ಲಿ ದಾಖಲೆ ಕೊಠಡಿಗೆ ತೆರಳಿ, ಬಾಗಿಲು ಹಾಕಿಕೊಂಡು ನಕ್ಕು, ಹಿಂದಿರುಗತಕ್ಕದ್ದು.

6. ಹೆಬ್ಬೆರಳಿಗೆ ಮೇಲಧಿಕಾರಿಯ ದರ್ಜೆ ಅನ್ವಯಿಸುವುದಿಲ್ಲ. ಅದು ಒಳಬಂದಾಗ ಸಿಬ್ಬಂದಿ ಎದ್ದು ನಿಲ್ಲಬೇಕಾಗಿಲ್ಲ.

(ಸಹಿ)
ಪುಷ್ಪಾವತಿ
ಉಪ ನಿರ್ದೇಶಕರು (ಪ್ರಭಾರ)

ಪ್ರತಿಗಳು:

1. ಎಲ್ಲ ಶಾಖೆಗಳ ಸೂಪರಿಂಟೆಂಡೆಂಟರಿಗೆ — ಸೂಕ್ತ ಕ್ರಮಕ್ಕಾಗಿ.
2. ಶ್ರೀ ಧರ್ಮಪಾಲ ಅವರಿಗೆ — ಕುಳಿತುಕೊಂಡೇ ಓದಲು.
3. ಶ್ರೀಮತಿ ಗ್ಲ್ಯಾಡಿಸ್, ಹಿರಿಯಡ್ಕ — ಬಂಗುಡೆಗೆ ಸಂಬಂಧಿಸಿದ ಭಾಗವನ್ನು ಮಾತ್ರ.
4. ಶ್ರೀಮತಿ ಡುಲ್ಸಿನ್ ಅವರಿಗೆ — ನಿನ್ನೆಯಿಂದ ಜ್ವರವೆಂದು ತಿಳಿದುಬಂದಿದೆ. ಇಳಿದ ಮೇಲೆ ಓದಿಕೊಳ್ಳುವುದು. ಆತುರವಿಲ್ಲ.