ಟೊಮೇಟೊ ಎಂಬ ನೀಲಿ ಹೂವು

ಅಕ್ರೋಟು ಮರದ ಬುಡದಲ್ಲಿ ಟೊಮೇಟೊ ಸಮೃದ್ಧವಾಗಿ ಬೆಳೆಯುತ್ತದೆ ಎಂಬುದು ನಮ್ಮ ಜಿಲ್ಲೆಯಲ್ಲಿ ಕಳೆದ ಬೇಸಿಗೆಯಿಂದ ಅಧಿಕೃತ ಸತ್ಯವಾಗಿದೆ. ಅದಕ್ಕೆ ಮೊದಲು ಬೆಳೆಯುತ್ತಿರಲಿಲ್ಲ.

ನಮ್ಮೂರಾದ ಕಾರಾ-ಜಂಗಾಕ್, ಅಕ್ರೋಟು ಕಾಡಿನ ಅಂಚಿನಲ್ಲಿದೆ. ಅಕ್ರೋಟಿನ ಬೇರಿನಿಂದಲೂ ಎಲೆಯಿಂದಲೂ ಒಂದು ಬಗೆಯ ನಂಜು ಮಣ್ಣಿಗಿಳಿಯುತ್ತದೆ. ಟೊಮೇಟೊ, ಆಲೂಗಡ್ಡೆ, ಮೆಣಸಿನ ಗಿಡಗಳು ಅದನ್ನು ತಾಳಲಾರವು. ಈರುಳ್ಳಿ, ಗಜ್ಜರಿ, ಹುರುಳಿಕಾಯಿ ತಾಳುತ್ತವೆ. ಶರತ್ಕಾಲದಲ್ಲಿ ಕಾಯಿ ಆರಿಸಲು ಊರಿಗೆ ಊರೇ ಕಾಡಿನಲ್ಲಿ ಡೇರೆ ಹಾಕಿದಾಗಲೂ ತಲೆನೋವು ಬರುತ್ತದೆಂದು ನಾವು ಮರದಡಿ ಮಲಗುವುದಿಲ್ಲ. ‘ನೆರಳು ಸದ್ಬಳಕೆ ಅಭಿಯಾನ’ವನ್ನು ರೂಪಿಸಿದ ಅಧಿಕಾರಿಗಳೂ ಇಲ್ಲಿಯವರೇ. ಅವರಿಗೂ ಇದೆಲ್ಲ ಗೊತ್ತಿತ್ತು. ಆದರೆ ಆದೇಶಕ್ಕೆ ಅವರು ಊರಿನವರಾಗಿ ಸಹಿ ಹಾಕಿರಲಿಲ್ಲ, ಹುದ್ದೆಯವರಾಗಿ ಹಾಕಿದ್ದರು.

ಆದೇಶದ ಸಾರಾಂಶ ಹೀಗಿತ್ತು: ಶಾಲಾ ಆವರಣಗಳಲ್ಲಿ ಅಕ್ರೋಟಿನ ನೆರಳು ಅನಾದಿ ಕಾಲದಿಂದ ವ್ಯರ್ಥವಾಗಿ ಬೀಳುತ್ತಿದೆ. ಇನ್ನು ಮುಂದೆ ಅದು ಟೊಮೇಟೊದ ಮೇಲೆ ಬೀಳತಕ್ಕದ್ದು. ಟೊಮೇಟೊ ಅಲ್ಲದ ಎಲ್ಲ ಗಿಡಗಳನ್ನೂ ಕಿತ್ತು ಹಾಕತಕ್ಕದ್ದು. ಜಿಲ್ಲೆಯ ಮುಖ್ಯಾಧಿಕಾರಿಗಳ ಭಾವಮೈದುನನ ಗಾಜಿನಮನೆಯಲ್ಲಿ ಅದಕ್ಕೆ ಬೇಕಾದಷ್ಟೂ ಟೊಮೇಟೊ ಸಸಿಗಳು ಆಗಲೇ ಎದ್ದು ನಿಂತಿದ್ದವು. ಇದನ್ನು ಎಲ್ಲರೂ ಅಭಿಯಾನಕ್ಕೆ ಸಿಕ್ಕ ಶುಭಶಕುನವೆಂದೇ ಭಾವಿಸಿದರು.

ನಾನು ಕಲಿಸುವ ಶಾಲೆಯ ಮರದಡಿಯಲ್ಲಿ ಐರಿಸ್ ಹೂವಿನ ಒಂದು ಪಾತಿ ಇತ್ತು. ಕತ್ತಿಯಂಥ ಎಲೆ, ನೀಲಿ ಹೂವು. ಅಕ್ರೋಟಿನ ನಂಜು ಅದಕ್ಕೆ ತಾಕುವುದಿಲ್ಲ. ಅದನ್ನು ನೆಟ್ಟವಳು ಕಲೀಪಾ. ಅವಳು ಈ ಶಾಲೆಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು, ನನ್ನ ಹೆಂಡತಿಯಾಗಿದ್ದಳು. ಅಭಿಯಾನಕ್ಕೆ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಳು. ಪಾತಿಯಿಂದ ಒಂದು ಗೆಡ್ಡೆ ತೆಗೆದು ಅವಳ ಸಮಾಧಿಯ ಬಳಿ ನೆಟ್ಟಿದ್ದೆ. ಉಳಿದದ್ದು ಶಾಲೆಯಲ್ಲೇ ಇತ್ತು, ಅವಳು ಇಟ್ಟ ಸಾಲಿನಲ್ಲೇ.

ನಾವು ಆದೇಶವನ್ನು ಪಾಲಿಸಿದೆವು. ಪಾತಿಯನ್ನು ಮಾತ್ರ ಬಿಟ್ಟು, ಅದರ ಸುತ್ತ ಊರವರೆಲ್ಲ ಕೂಡಿ ಸಸಿ ನೆಟ್ಟೆವು. ಅಡುಗೆಯ ಬುರುಲ್ ಎಜೆ ದೊಡ್ಡ ಕಡಾಯಿಯಲ್ಲಿ ಪಲಾವ್ ಮಾಡಿದಳು. ಎಜೆ ಎಂದರೆ ಅಕ್ಕ. ಅವಳು ಊರಿಗೆಲ್ಲ ಅಕ್ಕ. ಪಲಾವ್ ಜೀರ್ಣವಾಗುವ ಹೊತ್ತಿಗೆ ಸಸಿಗಳು ತಲೆ ಬಾಗಿಸಿದ್ದವು.

ವರದಿ ಕಳಿಸಿದೆ. ಸಸಿಗಳಿಗೆ ಅಭಿಯಾನದ ಉದ್ದೇಶವನ್ನು ಸರಿಯಾಗಿ ಮನವರಿಕೆ ಮಾಡಿಕೊಟ್ಟಿಲ್ಲವೆಂದು ಉತ್ತರ ಬಂತು, ಜೊತೆಗೆ ಹೊಸ ಸಸಿಗಳೂ ಬಂದವು. ಅವೂ ಬಾಡಿದವು. ಆಗ ಒಂದು ನಿಯಮ ಹೊರಟಿತು: ಇಲಾಖೆಯ ಅನುಮತಿಯಿಲ್ಲದೆ ಯಾವ ಸಸಿಯನ್ನೂ ಸತ್ತಿದೆಯೆಂದು ಕರೆಯುವಂತಿಲ್ಲ. ಅಲ್ಲಿಯವರೆಗೆ ಅದು ‘ವಿಶ್ರಾಂತಿಯಲ್ಲಿರುವ ಸಸಿ’. ವಿಶ್ರಾಂತಿಯಲ್ಲಿರುವ ಸಸಿಗಳಿಗೆ ನಾವು ದಿನವೂ ನೀರು ಹಾಕಿದೆವು.

ಕೊನೆಗೆ ಪರಿಶೀಲನೆಗೆ ಇತಾಲ್ಮಸ್ ಬಂದ. ನಮ್ಮ ಶಾಲೆಯಲ್ಲೇ ಓದಿದವನು, ಈಗ ಅಭಿಯಾನದ ಅಧಿಕಾರಿ. ಬಿಳಿ ಟೋಪಿ ಸರಿಮಾಡಿಕೊಂಡು ಪಾತಿಯ ಮುಂದೆ ನಿಂತ.

“ಮೇಷ್ಟ್ರೇ, ಇದೇನಿದು?”

“ಐರಿಸ್.”

“ಅಯ್ಯೋ, ಅದು ನಂಗೂ ಗೊತ್ತು. ಇದ್ರ ಬೇರಿನ ಚಿತ್ರ ಬರೆಯೋಕೆ ಬರ್ದೆ ಹೋಗಿದ್ದಕ್ಕೆ ತಾನೇ ಕಲೀಪಾ ಟೀಚರು ನಂಗೆ ಐದಕ್ಕೆ ಎರಡೇ ಅಂಕ ಕೊಟ್ಟಿದ್ದು! ನಾನು ಕೇಳಿದ್ದು, ಇದಿನ್ನೂ ಯಾಕಿದೆ ಅಂತ.”

“ಇದು ಇಲ್ಲಿ ಬೆಳೆಯುತ್ತೆ ಕಣಪ್ಪ. ಟೊಮೇಟೊ ಬೆಳೆಯಲ್ಲ.”

“ಹಾಗಂತ ಬರ್ಕೊಂಡು ಹೋದ್ರೆ ನನ್ನ ಕುರ್ಚಿ ಉಳಿಯುತ್ತಾ? ಟೊಮೇಟೊ ಬರ್ಲಿಲ್ಲ ಅಂದ್ರೆ ತಪ್ಪು ಆದೇಶದ್ದಾಗಿರ್ಬೇಕು, ಇಲ್ಲ ಈ ಹೂವಿಂದಾಗಿರ್ಬೇಕು. ಆದೇಶಕ್ಕೆ ಸಹಿ ಬಿದ್ದಿದೆ. ಹೂವಿಗೆ ಬಿದ್ದಿಲ್ಲ. ನಾಳೆ ಇದನ್ನ ಕೀಳಿಸಿಬಿಡಿ. ನಂಗೂ ಮನಸ್ಸಿಲ್ಲ, ಮೇಷ್ಟ್ರೇ.”

ವಾದ ಸರಿಯಾಗಿಯೇ ಇತ್ತು. ಗುದ್ದಲಿ ಎಲ್ಲಿದೆಯೆಂದು ನೋಡಿದೆ. ಅದು ಬುರುಲ್ ಎಜೆಯ ಕೈಯಲ್ಲಿತ್ತು. ಅವಳು ಅದನ್ನು ಕೊಡಲಿಲ್ಲ.

“ಏ ಇತಾಲ್ಮಸ್, ನಿನ್ನ ಹೆಸರಿಗೆ ಅರ್ಥ ಏನೋ?”

“ಎಲ್ಲಾರ ಮುಂದೆ ಯಾಕೆ ಎಜೆ ಅದೆಲ್ಲ?”

“ಹೇಳೋ!”

“ನಾಯೀನೂ ಒಯ್ಯಲ್ಲ ಅಂತ.”

“ನಿನ್ಗಿಂತ ಮುಂಚೆ ನಿಮ್ಮಮ್ಮ ಹೆತ್ತ ಮೂರು ಮಕ್ಕಳೂ ನಿಲ್ಲಲಿಲ್ಲ. ಸಾವಿಗೆ ಗುರುತು ಸಿಗಬಾರ್ದು ಅಂತ ನಿಂಗೆ ಈ ಹೆಸರಿಟ್ವಿ. ಕಿಟಕಿಯಿಂದ ನಿನ್ನ ನಂಗೆ ಮಾರಿದ್ರು, ಹಿಡಿ ತೌಡು ಕೊಟ್ಟು ವಾಪಸ್ ಕೊಂಡ್ಕೊಂಡ್ರು. ಬದುಕಿದ್ಯೋ ಇಲ್ವೋ?”

“ಬದುಕಿದ್ದೀನಿ,” ಎಂದು ಅಧಿಕಾರಿ ದೃಢಪಡಿಸಿದ.

“ಹಾಗಾದ್ರೆ ಈ ಹೂವಿಗೂ ಒಂದು ಹೆಸರಿಡು. ಟೊಮೇಟೊ ಅಂತ. ಕೀಳೋಕೆ ಬಂದೋರಿಗೆ ಗುರುತೇ ಸಿಗಲ್ಲ.”

ಇತಾಲ್ಮಸ್ ಪಾತಿಯ ಬಳಿ ಕುಕ್ಕರಗಾಲಲ್ಲಿ ಕೂತ. ಈ ಪದ್ಧತಿ ಸುಳ್ಳೆಂದು ಹೇಳುವ ಹಾಗೆ ಅವನು ಇರಲಿಲ್ಲ, ಏಕೆಂದರೆ ಅವನು ಇದ್ದ.

“ಗಿಡಕ್ಕೆ ಇದು ಅನ್ವಯ ಆಗುತ್ತಾ?” ಎಂದು ನನ್ನನ್ನು ಕೇಳಿದ.

“ಆಗಲ್ಲ ಅಂತ ಎಲ್ಲೂ ಬರೆದಿಲ್ಲ,” ಎಂದೆ. ಅದು ನಿಜವೇ.

ಕ್ರಮ ವಿಧಿವತ್ತಾಗಿ ನಡೆಯಿತು. ಒಂದು ಗೆಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಏಳನೇ ತರಗತಿಯ ಕಿಟಕಿಯಿಂದ ಬುರುಲ್ ಎಜೆಗೆ ಮಾರಲಾಯಿತು. ಹಿಡಿ ತೌಡು ಕೊಟ್ಟು ಸರ್ಕಾರದ ಪರವಾಗಿ ಇತಾಲ್ಮಸ್ ಮರಳಿ ಕೊಂಡುಕೊಂಡ. ಅದರ ಎಲೆಯ ಬಳಿ ಬಾಗಿ “ನಿನ್ನ ಹೆಸರು ಟೊಮೇಟೊ” ಎಂದು ಮೂರು ಬಾರಿ ಹೇಳಿದ. ಮೂರನೆಯ ಬಾರಿ ಅವನ ದನಿ ತುಸು ಮೆತ್ತಗಾಯಿತು. ಮನುಷ್ಯರಿಗೆ ಇದನ್ನು ಎಷ್ಟನೇ ವಯಸ್ಸಿನವರೆಗೆ ಮಾಡಬಹುದು ಎಂದು ನಾನು ಯಾರನ್ನೂ ಕೇಳಲಿಲ್ಲ. ಕಲೀಪಾಳಿಗಾಗಿ ಕೇಳುವ ಕಾಲ ಮುಗಿದಿತ್ತು.

ಆಮೇಲೆ ತೊಡಕೇನೂ ಬರಲಿಲ್ಲ. ಶರತ್ಕಾಲದಲ್ಲಿ ಫಸಲು ಎಲ್ಲಿ ಎಂದು ಜಿಲ್ಲೆಯಿಂದ ಪ್ರಶ್ನೆ ಬಂದ ದಿನವೇ ಗಾಳಿ ಬೀಸಿ, ಹಸಿರು ಸಿಪ್ಪೆಯ ಅಕ್ರೋಟುಗಳು ಪಾತಿಯ ತುಂಬ ಉದುರಿದವು. ಟೊಮೇಟೊ ಪಾತಿಯಲ್ಲಿ ಸಿಕ್ಕಿದ, ದುಂಡಗಿನ, ಹಸಿರಾದ ವಸ್ತುವನ್ನು ಕಾಯಿ ಟೊಮೇಟೊ ಎನ್ನದೆ ಬೇರೇನೂ ಅನ್ನುವಂತಿರಲಿಲ್ಲ. ಒಂದು ಚೀಲ ಕಳಿಸಿದೆವು. ಮುಖ್ಯಾಧಿಕಾರಿಗಳು ಸುತ್ತಿಗೆಯಿಂದ ಒಡೆದು ತಿಂದು, ಈ ತಳಿಯ ಸಿಪ್ಪೆ ಸಾಗಾಟಕ್ಕೆ ಬಹಳ ಅನುಕೂಲವೆಂದು ಷರಾ ಬರೆದರು. ಹಸಿರು ಸಿಪ್ಪೆಯ ರಸಕ್ಕೆ ಬೆರಳು ಕಪ್ಪಾದದ್ದನ್ನು ಪೋಷಕಾಂಶದ ಸಮೃದ್ಧಿಯೆಂದು ದಾಖಲಿಸಲಾಯಿತು. ಇತಾಲ್ಮಸ್‌ಗೆ ಬಡ್ತಿ ಸಿಕ್ಕಿತು. ಭಾವಮೈದುನ ಈಗ ಐರಿಸ್ ಗೆಡ್ಡೆಗಳನ್ನು ಟೊಮೇಟೊ ಸಸಿಯೆಂದು ಎಲ್ಲ ಶಾಲೆಗಳಿಗೂ ಒದಗಿಸುತ್ತಾನೆ. ಅವು ಎಲ್ಲ ಕಡೆಯೂ ಚೆನ್ನಾಗಿ ಬರುತ್ತಿವೆ.

ಮಕ್ಕಳಿಗೆ ಒಂದಿಷ್ಟೂ ಗೊಂದಲವಿಲ್ಲ. ಪರೀಕ್ಷೆಯಲ್ಲಿ ಟೊಮೇಟೊ ಚಿತ್ರ ಬರೆಯಿರಿ ಎಂದರೆ ಕತ್ತಿಯಂಥ ಎಲೆ, ನೀಲಿ ಹೂವು ಬರೆಯುತ್ತಾರೆ. ಬೇರನ್ನೂ ತಪ್ಪಿಲ್ಲದೆ ಬರೆಯುತ್ತಾರೆ. ಐದಕ್ಕೆ ಐದು ಕೊಡುತ್ತೇನೆ. ಬೇರಿನ ವಿಷಯದಲ್ಲಿ ಕಲೀಪಾ ಬಹಳ ಕಟ್ಟುನಿಟ್ಟು.

ಈ ವಸಂತದಲ್ಲಿ ಸಮಾಧಿಗೆ ನೀರು ಹೊತ್ತುಕೊಂಡು ಹೋದಾಗ ಬುರುಲ್ ಎಜೆ ಆಗಲೇ ಅಲ್ಲಿದ್ದಳು. ಕಲೀಪಾಳ ತಲೆಯ ಬದಿಯಲ್ಲಿ ನೀಲಿ ಹೂಗಳು ಒತ್ತಾಗಿ ಅರಳಿದ್ದವು.

“ನೋಡಿ ಮೇಷ್ಟ್ರೇ,” ಎಂದಳು, “ನಮ್ಮ ಹುಡುಗಿ ಹತ್ರ ಟೊಮೇಟೊ ಎಷ್ಟು ಚೆನ್ನಾಗಿ ಬಂದಿದೆ.”

“ಹೌದು ಎಜೆ,” ಎಂದೆ. “ಈ ಸಲ ಶಾಲೆಗಿಂತ ಇಲ್ಲೇ ಫಸಲು ಚೆನ್ನಾಗಿದೆ.”